ತಿಂಗಳ ಔಷಧಿ ಬಿಲ್ಲು: ಅಂಗಡಿಗಳ ಪೈಪೋಟಿಯ ಲಾಭ ಪಡೆಯುವುದು ಹೇಗೆ?

ಬಿ.ಪಿ., ಶುಗರ್ ಇರುವ ಹಿರಿಯರು ಇಬ್ಬರಿದ್ದರೆ ಸಾಕು, ಎಷ್ಟೋ ಮನೆಗಳಲ್ಲಿ ತಿಂಗಳ ಔಷಧಿ ಬಿಲ್ಲು ದಿನಸಿ ಬಿಲ್ಲಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಇತ್ತ ಮಾರುವವರ ನಡುವಿನ ಪೈಪೋಟಿಯೂ ಬಿರುಸಾಗಿದೆ. ಬೀದಿ ತಿರುವಿನ ಹಳೆಯ ಮೆಡಿಕಲ್ ಸ್ಟೋರಿನ ಎದುರಿಗೇ ಅಪೊಲೊ ಅಥವಾ ಮೆಡ್‌ಪ್ಲಸ್ ಮಳಿಗೆ ತೆರೆದಿರುತ್ತದೆ, ಸ್ವಲ್ಪ ದೂರದಲ್ಲಿ ಜನೌಷಧಿ ಕೇಂದ್ರವಿರುತ್ತದೆ. ರಿಲಯನ್ಸ್ 2020ರಲ್ಲಿ ನೆಟ್‌ಮೆಡ್ಸ್‌ನ, ಟಾಟಾ 2021ರಲ್ಲಿ ಒನ್‌ಎಂಜಿಯ ಬಹುಪಾಲು ಷೇರುಗಳನ್ನು ಕೊಂಡ ಮೇಲೆ ಆ್ಯಪ್‌ಗಳ ಹಿಂದೆ ದೊಡ್ಡ ಬಂಡವಾಳವೂ ಬಂದು ನಿಂತಿದೆ. ಆನ್‌ಲೈನ್ ಮಾರಾಟದ ವಿರುದ್ಧ ಔಷಧಿ ವ್ಯಾಪಾರಿಗಳು 2015, 2017 ಮತ್ತು 2018ರಲ್ಲಿ ದೇಶದಾದ್ಯಂತ ಅಂಗಡಿ ಮುಚ್ಚಿ ಪ್ರತಿಭಟಿಸಿದ್ದರು. ಈ ಪೈಪೋಟಿಯಲ್ಲಿ ಗ್ರಾಹಕನ ಪಾಲಿಗೆ ಬರಬೇಕಾದದ್ದನ್ನು ಪಡೆಯಲು ಸ್ವಲ್ಪ ಲೆಕ್ಕ, ಸ್ವಲ್ಪ ವಿಚಾರಣೆ ಬೇಕು.

ಮೊದಲು ಮನೆಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು, ಬ್ರ್ಯಾಂಡಿನ ಹೆಸರನ್ನು ಬಿಟ್ಟು ಔಷಧದ ಮೂಲ (ಜನರಿಕ್) ಹೆಸರನ್ನೂ ಪ್ರಮಾಣವನ್ನೂ ಬರೆದುಕೊಳ್ಳಿ: ಟೆಲ್ಮಿಸಾರ್ಟನ್ 40 ಮಿ.ಗ್ರಾಂ., ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ಎಂಬಂತೆ. 2018ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಸಾಮಾನ್ಯವಾಗಿ ಈ ಮೂಲ ಹೆಸರು ಬ್ರ್ಯಾಂಡಿನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿರಬೇಕು. ಹೊಳೆಯುವ ಹಾಳೆಯ ಮೇಲಿನ ಮಾಸಲು ಅಕ್ಷರಗಳನ್ನು ಓದಲು ಬೆಳಕಿಗೆ ಓರೆಯಾಗಿ ಹಿಡಿಯಬೇಕಾಗುತ್ತದೆ, ಅದು ಬೇರೆ ಮಾತು. ಮೆಟ್‌ಫಾರ್ಮಿನ್‌ನಂಥ ಮಾತ್ರೆಯ ಹೆಸರಿನ ಮುಂದೆ ‘ಎಸ್‌ಆರ್’ ಎಂದಿದ್ದರೆ ಅದನ್ನೂ ಬರೆದುಕೊಳ್ಳಿ. ಅದು ನಿಧಾನವಾಗಿ ಕರಗುವ ಮಾತ್ರೆ; ಸಾದಾ ಮಾತ್ರೆಯನ್ನು ಅದಕ್ಕೆ ಬದಲಿಯೆಂದು ತೆಗೆದುಕೊಳ್ಳುವಂತಿಲ್ಲ.

ಎರಡನೆಯದಾಗಿ, ಒಂದು ಮಾತ್ರೆಗೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿ. ಒಂದು ಕಂಪನಿಯ ಸ್ಟ್ರಿಪ್‌ನಲ್ಲಿ 10 ಮಾತ್ರೆಗಳಿದ್ದರೆ ಇನ್ನೊಂದರಲ್ಲಿ 15 ಇರುತ್ತವೆ. 75 ರೂಪಾಯಿಯ ಹತ್ತರ ಸ್ಟ್ರಿಪ್ 96 ರೂಪಾಯಿಯ ಹದಿನೈದರದ್ದಕ್ಕಿಂತ ಅಗ್ಗವೆಂದು ಕಂಡರೂ ಮಾತ್ರೆಯೊಂದಕ್ಕೆ ಮೊದಲನೆಯದು ಏಳೂವರೆ ರೂಪಾಯಿ, ಎರಡನೆಯದು 6 ರೂಪಾಯಿ 40 ಪೈಸೆ.

ಇನ್ನು ರಿಯಾಯಿತಿಯ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಬೆಲೆ ನಿಯಂತ್ರಣಕ್ಕೆ ಒಳಪಟ್ಟ ಔಷಧಿಗಳ ಗರಿಷ್ಠ ಬೆಲೆಯನ್ನು 2013ರ ಆದೇಶದಂತೆ ನಿಗದಿಪಡಿಸುವಾಗ ಚಿಲ್ಲರೆ ವ್ಯಾಪಾರಿಯ ಲಾಭಾಂಶವನ್ನು ಶೇ 16 ಎಂದು ಹಿಡಿಯಲಾಗುತ್ತದೆ. ಉಳಿದ ಔಷಧಿಗಳಲ್ಲಿ ಶೇ 20 ವಾಡಿಕೆ. ಬಾಡಿಗೆ, ಫಾರ್ಮಸಿಸ್ಟ್ ಸಂಬಳ, ಕರೆಂಟ್ ಬಿಲ್ ಎಲ್ಲವೂ ಇದರಲ್ಲೇ ಆಗಬೇಕಾದ್ದರಿಂದ, ನಿಮ್ಮ ಬೀದಿಯ ಅಂಗಡಿಯವರು ಶೇ 10 ಬಿಟ್ಟುಕೊಟ್ಟರೆ ತಮ್ಮ ಪಾಲಿನ ಅರ್ಧದಷ್ಟನ್ನೋ ಅದಕ್ಕೂ ಹೆಚ್ಚನ್ನೋ ಬಿಟ್ಟುಕೊಟ್ಟಂತೆ. ಹಾಗಾದರೆ ಶೇ 20ಕ್ಕೂ ಮೀರಿದ ರಿಯಾಯಿತಿ ಎಲ್ಲಿಂದ ಬರುತ್ತದೆ? ಸರಪಳಿ ಮಳಿಗೆಗಳು ಸಗಟು ವ್ಯಾಪಾರಿಯನ್ನು ಬಿಟ್ಟು ನೇರವಾಗಿ ರಾಶಿಗಟ್ಟಲೆ ಕೊಳ್ಳುತ್ತವೆ, ತಮ್ಮದೇ ಹೆಸರಿನ ಔಷಧಿಗಳನ್ನೂ ಮಾರುತ್ತವೆ; ಆ್ಯಪ್‌ಗಳು ಹೂಡಿಕೆದಾರರ ಹಣವನ್ನು ಕರಗಿಸುತ್ತವೆ. ಮೂರನೆಯ ದಾರಿಯೊಂದಿದೆ: ಎಂ.ಆರ್.ಪಿ.ಯನ್ನೇ ಏರಿಸಿ ಮುದ್ರಿಸಿ, ಅಂಗಡಿಗೆ ಬಹಳ ಕಡಿಮೆಗೆ ಕೊಡುವ ಜನರಿಕ್ ಸರಕು. ಇಂಥದ್ದರ ಮೇಲೆ ‘ಶೇ 60 ರಿಯಾಯಿತಿ’ ಎಂಬ ಬೋರ್ಡ್ ತೂಗುಹಾಕಿದರೂ ಅಂಗಡಿಗೆ ನಷ್ಟವಿಲ್ಲ. ರಿಯಾಯಿತಿ ಕೊಡದೆ ಮಾರಿದರೆ ಅಷ್ಟೂ ಲಾಭ ಅಂಗಡಿಯದ್ದೇ. ಆದ್ದರಿಂದ ಶೇಕಡಾವಾರನ್ನು ಕೇಳಿ ಮರುಳಾಗದೆ ಮಾತ್ರೆಯೊಂದರ ಬೆಲೆಗೇ ಮರಳಿ ಬನ್ನಿ. ರಾಷ್ಟ್ರೀಯ ಔಷಧ ಬೆಲೆ ನಿರ್ಧಾರ ಪ್ರಾಧಿಕಾರದ ‘ಫಾರ್ಮಾ ಸಹೀ ದಾಮ್’ ಆ್ಯಪ್‌ನಲ್ಲಿ ಔಷಧದ ಬೆಲೆಯನ್ನು ಹೋಲಿಸಿ ನೋಡಬಹುದು.

ನಾಲ್ಕನೆಯ ಹೆಜ್ಜೆಯನ್ನು ಅಂಗಡಿಯಲ್ಲಿ ಅಲ್ಲ, ವೈದ್ಯರ ಮುಂದೆ ಇಡಬೇಕು. ಚೀಟಿಯಲ್ಲಿ ಬ್ರ್ಯಾಂಡಿನ ಹೆಸರಿದ್ದರೆ, ಶೆಡ್ಯೂಲ್ ಎಚ್ ಪಟ್ಟಿಯ (ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ) ಔಷಧಿಗೆ ಬದಲಿಯಾಗಿ ಅದೇ ಅಂಶವಿರುವ ಬೇರೆ ಬ್ರ್ಯಾಂಡನ್ನು ಕೊಡಲು ಔಷಧ ನಿಯಮಗಳು ಅಂಗಡಿಯವರಿಗೆ ಅವಕಾಶ ಕೊಡುವುದಿಲ್ಲ. ಹಾಗಾಗಿ ಮುಂದಿನ ತಪಾಸಣೆಯ ದಿನ, “ಡಾಕ್ಟ್ರೇ, ಇದನ್ನು ಜನರಿಕ್ ಹೆಸರಿನಲ್ಲಿ ಬರೆದುಕೊಡಬಹುದೇ?” ಎಂದು ಕೇಳಿ. ಜನರಿಕ್ ಹೆಸರನ್ನೇ ಬರೆಯಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ತಂದ ನಿಯಮವನ್ನು ಅದೇ ತಿಂಗಳು ತಡೆಹಿಡಿಯಲಾಯಿತು. ಕೇಳುವ ಹೊಣೆ ರೋಗಿಯ ಮೇಲೆಯೇ ಉಳಿದಿದೆ. ಅಪಸ್ಮಾರ ಮತ್ತು ಥೈರಾಯ್ಡ್ ಮಾತ್ರೆಗಳು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇವುಗಳ ಬ್ರ್ಯಾಂಡನ್ನು ಮಾತ್ರ ವೈದ್ಯರಿಗೆ ಹೇಳದೆ ಬದಲಿಸಲೇಬಾರದು.

ಜನರಿಕ್ ಹೆಸರಿನ ಚೀಟಿ ಕೈಗೆ ಬಂದ ಮೇಲೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. 2008ರಲ್ಲಿ ಆರಂಭವಾದ ಈ ಯೋಜನೆಯ ಕೇಂದ್ರಗಳ ಸಂಖ್ಯೆ 2023ರ ನವೆಂಬರ್‌ನಲ್ಲೇ 10 ಸಾವಿರ ಮುಟ್ಟಿತು. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಕೇಂದ್ರಗಳನ್ನು ಮುಚ್ಚಲು ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಆದೇಶಿಸಿ, ವಿಷಯ ಹೈಕೋರ್ಟ್ ಮೆಟ್ಟಿಲೇರಿತ್ತು. ಹಾಗಾಗಿ ಆಸ್ಪತ್ರೆಯ ಕೇಂದ್ರವನ್ನೇ ನೆಚ್ಚಿಕೊಂಡಿದ್ದವರು ಹೊರಗಿನ ಒಂದನ್ನೂ ಗುರುತಿಸಿಟ್ಟುಕೊಳ್ಳುವುದು ಲೇಸು. ಬೇಕಾದ ಮಾತ್ರೆ ಅಲ್ಲಿ ಕೆಲವೊಮ್ಮೆ ಸಿಗದಿರಬಹುದು. ಆದ್ದರಿಂದ ಮನೆಯಲ್ಲಿ ಇನ್ನೂ ಹತ್ತು ದಿನದ ಮಾತ್ರೆ ಇರುವಾಗಲೇ ಹೋಗಿ.

ಬಿಲ್ಲು ಕೇಳಿ ಪಡೆಯಿರಿ. ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಅದರಲ್ಲಿರಲಿ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಿಗಳ ಮೇಲಿನ ಜಿ.ಎಸ್‌.ಟಿ. ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಅದನ್ನೂ ಗಮನಿಸಿ. ಸ್ಟ್ರಿಪ್ ಕತ್ತರಿಸಿ ನಾಲ್ಕೇ ಮಾತ್ರೆ ಕೊಳ್ಳುವುದಾದರೆ ದಿನಾಂಕ ಮುದ್ರಿಸಿರುವ ತುದಿ ಹೆಚ್ಚಾಗಿ ಅಂಗಡಿಯಲ್ಲೇ ಉಳಿಯುತ್ತದೆ. ಆಗ ಬಿಲ್ಲೊಂದೇ ದಾಖಲೆ.

ಇಷ್ಟೆಲ್ಲ ಆದ ಮೇಲೂ ಖರೀದಿಯನ್ನು ಪೂರ್ತಿಯಾಗಿ ಒಂದೇ ಕಡೆಗೆ ಒಪ್ಪಿಸಬೇಡಿ ಎಂಬುದು ನನ್ನ ಅಭಿಪ್ರಾಯ. ತಿಂಗಳು ತಿಂಗಳೂ ಬೇಕಾಗುವ ಮಾತ್ರೆಗಳನ್ನು ಅಗ್ಗವಾಗಿ ಸಿಗುವಲ್ಲಿ ತನ್ನಿ. ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿರಬೇಕಾದ ಇನ್ಸುಲಿನ್, ರಾತ್ರಿ ಹತ್ತರ ಜ್ವರದ ಔಷಧಿ, ಉಳಿದ ಸ್ಟ್ರಿಪ್ ವಾಪಸ್ ಕೊಡುವ ಅಥವಾ ಉದ್ದರಿ ಬರೆಸುವ ಸಂದರ್ಭ ಇವಕ್ಕೆಲ್ಲ ಮುಖಪರಿಚಯದ ಬೀದಿಯ ಅಂಗಡಿಯೇ ಅನುಕೂಲ.