ಸಂಘದ ಮೀಟಿಂಗ್ ಇಡುವ ಮೊದಲು ನೀರಿನ ಇಳಿತ ನೋಡಿ

ಉತ್ತರ ಕನ್ನಡದ ಅಘನಾಶಿನಿ ಹೊಳೆ ಕಡಲು ಸೇರುವಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ತೆಗೆಯುವವರು ಕಡಲಿನ ಇಳಿತಕ್ಕೆ ನೀರು ಇಳಿದಾಗ ಹೋಗಬೇಕು, ಏರುವ ಮೊದಲು ಬರಬೇಕು. ಆ ಹೊತ್ತು ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿಯೇ ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಎಂಟಕ್ಕೆ ಇಳಿತ ಇದ್ದರೆ ನಾಲ್ಕು ದಿನ ಬಿಟ್ಟು ಹನ್ನೊಂದು ದಾಟಿರುತ್ತದೆ. ಇಂಥ ಹೆಂಗಸರ ಸಂಘಕ್ಕೆ ‘ಪ್ರತಿ ಬುಧವಾರ ಹನ್ನೊಂದಕ್ಕೆ ಮೀಟಿಂಗ್, ಬರದಿದ್ದರೆ ದಂಡ’ ಅಂತ ನಿಯಮ ಮಾಡಿದರೆ ದಂಡ ಕಟ್ಟುವವರು ಯಾವಾಗಲೂ ಅವರೇ. ಆಮೇಲೆ ಸಾಲ ಕೇಳಿದಾಗ ‘ಹಾಜರಿ ಸರಿ ಇಲ್ಲ’ ಅನ್ನುತ್ತಾರೆ. ಕುಮಟಾ ಕಡೆಯ ಒಂದು ಸಂಘದಲ್ಲಿ ಇದನ್ನು ಕಣ್ಣಾರೆ ನೋಡಿದೆ. ಆವತ್ತು ಬಂದ ಸಿಟ್ಟು ಇನ್ನೂ ಹೋಗಿಲ್ಲ.

ಸಂಘ ನಡೆಸುವವರು, ಸೊಸೈಟಿಯಲ್ಲಿ ಕೆಲಸ ಮಾಡುವವರು, ಊರಲ್ಲೇ ಬ್ಯಾಂಕಿನ ಕೆಲಸ ಮಾಡಿಕೊಡುವ ಬ್ಯಾಂಕ್ ಮಿತ್ರರು, ಇವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಾನವ ಕೇಂದ್ರಿತ ವಿನ್ಯಾಸ ಅಂತ ಇದಕ್ಕೊಂದು ದೊಡ್ಡ ಹೆಸರಿದೆ. ಯಾರಿಗಾಗಿ ಮಾಡುತ್ತೀರೋ ಅವರ ದಿನವನ್ನು ಮೊದಲು ನೋಡುವುದು, ಅವರ ಜೊತೆ ಕೂತು ಸಣ್ಣ ಉಪಾಯ ಹುಡುಕುವುದು, ನಾಲ್ಕೈದು ಜನರಲ್ಲಿ ಮಾಡಿ ನೋಡಿ ತಪ್ಪಿದ್ದನ್ನು ತಿದ್ದುವುದು, ಇಷ್ಟೇ ಅದರ ಅರ್ಥ. ನಮ್ಮ ಕರಾವಳಿಗೆ ಇದು ಹೊಸದೂ ಅಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಆ ಬ್ಯಾಂಕು 1928ರಲ್ಲಿ ಪಿಗ್ಮಿ ಉಳಿತಾಯ ಶುರು ಮಾಡಿದ್ದು ದಿನಕ್ಕೆ ಎರಡಾಣೆಯಿಂದ, ಅದೂ ಮನೆ ಬಾಗಿಲಿಗೇ ಬಂದು. ದಿನಗೂಲಿಯವರ ಕೈಗೆ ದುಡ್ಡು ಬರುವುದು ದಿನಾ ಅಂತ ಯಾರೋ ಗಮನಿಸಿದ್ದರು, ಅಲ್ವಾ?

ಹಾಗಾಗಿ ಮೊದಲ ಕೆಲಸ, ಫಾರ್ಮು ಬಿಟ್ಟು ಬರಿಗೈಯಲ್ಲಿ ಹೋಗಿ. ಒಂದಿಡೀ ದಿನ ಪಕ್ಕದಲ್ಲಿ ಕೂರಿ. ಮೀನು ಮಾರುವವರಾದರೆ ಬಂದರಿನಲ್ಲಿ ಬೆಳಗಿನ ಹರಾಜಿನಿಂದ ಕೊನೆಯ ಬಂಗಡೆ ಮಾರಿ ಬುಟ್ಟಿ ತೊಳೆಯುವವರೆಗೆ. ಕೊಂಕಣಿ ಬಾರದಿದ್ದರೆ ಬರುವ ಹೆಂಗಸನ್ನೇ ಕರೆದುಕೊಂಡು ಹೋಗಿ, ಗಂಡಸರು ಜೊತೆಗಿದ್ದರೆ ದುಡ್ಡಿನ ಮಾತು ಹೊರಗೆ ಬರುವುದಿಲ್ಲ. ‘ಉಳಿತಾಯ ಮಾಡ್ತೀರಾ?’ ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ‘ಕಳೆದ ಸಲ ದಿಢೀರಂತ ದುಡ್ಡು ಬೇಕಾದಾಗ ಯಾರ ಹತ್ತಿರ ಹೋದ್ರಿ? ಎಷ್ಟು ಕೊಟ್ರು? ವಾಪಸ್ ಎಷ್ಟು ಕಟ್ಟಿದ್ರಿ?’ ಅಂತ ಕೇಳಿ.

ಕಾರವಾರದ ಮಾರುಕಟ್ಟೆಯಲ್ಲಿ ಮೀನು ಮಾರುವ ಹೆಂಗಸೊಬ್ಬರ ಪಕ್ಕ ನಾನು ಹೀಗೆ ಕೂತಿದ್ದೆ, ಅವರ ಎಲೆಅಡಿಕೆ ಸಂಚಿಯಲ್ಲಿ ಮೂರು ಗಂಟು ದುಡ್ಡಿತ್ತು. ಒಂದು ನಾಳೆ ಬೆಳಿಗ್ಗೆ ಮೀನು ಎತ್ತಲು, ಅದನ್ನು ಮುಟ್ಟುವ ಹಾಗಿಲ್ಲ. ಒಂದು ಮನೆಖರ್ಚಿಗೆ. ಮೂರನೆಯದು ರಬ್ಬರ್ ಬ್ಯಾಂಡ್ ಹಾಕಿ ಬಿಗಿಯಾಗಿ ಸುತ್ತಿದ್ದು, ಮಗಳ ಕಾಲೇಜಿಗೆ. ಅದು ಇರುವುದೇ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಇವರಿಗೆ ಉಳಿತಾಯದ ಪಾಠ ಮಾಡಲು ಹೋಗುವುದೇ ತಪ್ಪು. ಬೇಕಾಗಿರುವುದು ಆ ಮೂರನೇ ಗಂಟಿಗೊಂದು ಗಟ್ಟಿ ಜಾಗ. ಬ್ಯಾಂಕ್ ಖಾತೆ ಇದೆಯಲ್ಲ ಅಂದೆ. ಮೆಸೇಜ್ ಬರುವುದು ಗಂಡನ ಫೋನಿಗೆ ಅಂದರು. ಅಂದಿನಿಂದ ಯಾವ ಮನೆಗೆ ಹೋದರೂ ಖಾತೆಗೆ ಯಾವ ನಂಬರ್ ಜೋಡಿಸಿದೆ ಅಂತ ಮೊದಲು ಕೇಳುತ್ತೇನೆ.

ಆ ಕೈಗಳನ್ನೂ ನೋಡಿ. ಮಂಜುಗಡ್ಡೆ, ಉಪ್ಪು, ಮೀನಿನ ಪೊರೆ, ಬಳಚಿನ ಚಿಪ್ಪಿನ ಅಂಚು, ವರ್ಷಾನುಗಟ್ಟಲೆ ಇದರಲ್ಲೇ ಆಡಿದ ಬೆರಳಿನ ಗೆರೆ ಸವೆದಿರುತ್ತದೆ. ಬ್ಯಾಂಕ್ ಮಿತ್ರರ ಬೆರಳಚ್ಚಿನ ಮಷಿನ್ ಮೂರು ಸಲ ‘ಆಗಲಿಲ್ಲ’ ಅಂದರೆ ಸಾಲಿನಲ್ಲಿ ನಿಂತವರ ಮುಂದೆ ಅವರಿಗೆ ಅವಮಾನ, ಮತ್ತೆ ಬರುವುದಿಲ್ಲ. ಕೈ ತೊಳೆದು ಒರೆಸಿಕೊಳ್ಳಲು ಮಷಿನ್ ಪಕ್ಕ ನೀರು, ಬಟ್ಟೆ ಇಡಿ. ಹತ್ತೂ ಬೆರಳು ನೋಡಿ ಯಾವುದು ಓದುತ್ತದೆ ಅಂತ ಅವರ ಪಾಸ್‌ಬುಕ್ಕಿನ ಮೇಲೆ ಗುರುತು ಹಾಕಿ. ಯಾವುದೂ ಓದದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಿಸಿ. ಹೆಚ್ಚು ಖರ್ಚಿಲ್ಲದ ಸಣ್ಣ ಕೆಲಸಗಳು, ಆದರೆ ಯಾರೂ ಮಾಡಿರುವುದಿಲ್ಲ.

ಎರಡನೆಯದು ವರ್ಷದ ಲೆಕ್ಕ. ಅಂಗಳದಲ್ಲಿ ಸೀಮೆಸುಣ್ಣದಿಂದ ಹನ್ನೆರಡು ಮನೆ ಬರೆದು, ದುಡ್ಡು ಬರುವ ತಿಂಗಳಿಗೆ ಹುಣಸೆ ಬೀಜ, ಹೋಗುವ ತಿಂಗಳಿಗೆ ಕಲ್ಲು ಇಡಲು ಹೇಳಿ. ಓದು ಬಾರದವರೂ ಕೂಡಲೇ ಸೇರಿಕೊಳ್ಳುತ್ತಾರೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ. ಅದೇ ಜೂನ್‌ನಲ್ಲಿ ಶಾಲೆ ಶುರು, ಪುಸ್ತಕ, ಕೊಡೆ, ಮಾಡಿನ ರಿಪೇರಿ, ಮತ್ತೆ ಚೌತಿ ಬಂದೇ ಬಿಡುತ್ತದೆ. ಬೀಜ ಇಲ್ಲದ ಮನೆಗಳ ಮೇಲೇ ಕಲ್ಲಿನ ರಾಶಿ ಬೀಳುವುದು ಕಣ್ಣಿಗೇ ಕಾಣುತ್ತದೆ. ಶಿರಸಿ ಕಡೆ ಹೋದರೆ ಚಿತ್ರ ಬೇರೆ. ಅಲ್ಲಿ ಚಳಿಗಾಲದ ಅಡಿಕೆ ಸುಲಿಯುವ ಕೆಲಸಕ್ಕೆ ಬೀಜ ಜಾಸ್ತಿ, ಮಳೆಗಾಲದಲ್ಲಿ ನಾಟಿ ಕೂಲಿ ಸ್ವಲ್ಪ. ಹಾಗಾಗಿ ಕರಾವಳಿಯ ಕಂತಿನ ಪಟ್ಟಿಯನ್ನು ಸುಮ್ನೆ ಘಟ್ಟದ ಮೇಲಕ್ಕೆ ಒಯ್ಯಬೇಡಿ.

ಈಗ ಉಪಾಯ. ಐದು ಹೆಂಗಸರು, ಹದಿನೈದು ದಿನ, ಇಷ್ಟರಲ್ಲೇ ಮಾಡಿ ನೋಡಿ. ಮೀನು ಮಾರುವವರು ವ್ಯಾಪಾರ ಮುಗಿಸುವ ಹೊತ್ತಿಗೆ ಬುಟ್ಟಿಯ ಹತ್ತಿರವೇ ಹೋಗಿ ದಿನಕ್ಕೆ 20 ರೂಪಾಯಿ ತೆಗೆದುಕೊಳ್ಳಿ. ತಿಂಗಳಿಗೆ 25 ದಿನ ಅಂತ ಹಿಡಿದರೂ ಸೆಪ್ಟೆಂಬರ್‌ನಿಂದ ಮೇವರೆಗೆ 4,500 ಆಗುತ್ತದೆ, ಅದು ಜೂನ್‌ನಲ್ಲಿ ಮಾತ್ರ ಕೈಗೆ ಸಿಗಲಿ. ಇನ್ನೊಂದು, ಬೆಳಗಿನ ನಿಧಿ. ಇವರಿಗೆ ದುಡ್ಡು ಬೇಕಾಗುವುದು ಬೆಳಿಗ್ಗೆ ಆರಕ್ಕೆ, ಬ್ಯಾಂಕು ತೆಗೆಯುವುದು ಹತ್ತಕ್ಕೆ. ಆ ಸಂದಿಯಲ್ಲೇ ಮೀಟರ್ ಬಡ್ಡಿಯವರು ನಿಂತಿರುತ್ತಾರೆ, ಬೆಳಿಗ್ಗೆ 900 ಕೊಟ್ಟು ಸಂಜೆ 1,000 ವಸೂಲಿ. ಸಂಘದ ದುಡ್ಡಿನಲ್ಲೇ ಸ್ವಲ್ಪ ತೆಗೆದು, ಬಂದರಿನ ಹತ್ತಿರ ಮನೆ ಇರುವ ಸದಸ್ಯೆಯ ಕೈಯಲ್ಲಿ ಇಡಿ, ಬೆಳಿಗ್ಗೆ ಒಯ್ದು ಸಂಜೆ ತಂದುಕೊಡಲಿ. ಸಾಲದ ಕಂತನ್ನು ಮಾತ್ರ ಜೂನ್, ಜುಲೈ ಬಿಟ್ಟು ಉಳಿದ ಹತ್ತು ತಿಂಗಳಿಗೆ ಹಂಚಿ. ನಿಯಮ ಬಿಡುವುದಿಲ್ಲ ಅನ್ನುವ ಮ್ಯಾನೇಜರ್ ಮುಂದೆ ಆ ಹನ್ನೆರಡು ಮನೆಯ ಚಿತ್ರದ ಫೋಟೊ ಇಡಿ. ನನ್ನ ಮಾತಿಗಿಂತ ಅದು ಎಷ್ಟೋ ಚೆನ್ನಾಗಿ ಕೆಲಸ ಮಾಡಿದೆ.

ಸರ್ಕಾರದ ಯೋಜನೆಗೂ ಇದೇ ಕಣ್ಣು ಬೇಕು. ಪ್ರಧಾನಮಂತ್ರಿ ಸುರಕ್ಷಾ ಬಿಮೆಗೆ ವರ್ಷಕ್ಕೆ ಬರೀ 20 ರೂಪಾಯಿ, ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 2 ಲಕ್ಷ. ಆದರೆ ಅದರ ವರ್ಷ ಶುರುವಾಗುವುದು ಜೂನ್ 1ಕ್ಕೆ, ದುಡ್ಡು ಕಡಿತವಾಗುವುದು ಮೇ ಕೊನೆಯಲ್ಲಿ. ಆ ವಾರ ಖಾತೆ ಖಾಲಿ ಇದ್ದರೆ ವಿಮೆ ಹೋಯಿತು, ಹೋಗಿದ್ದು ಅವರಿಗೆ ಗೊತ್ತೂ ಆಗುವುದಿಲ್ಲ. ಮೇ ಮೂರನೇ ವಾರದ ಮೀಟಿಂಗಿನಲ್ಲಿ ಎಲ್ಲರ ಪಾಸ್‌ಬುಕ್ ನೋಡಿ.

ಮಾಡಿ ನೋಡುವಾಗ ಸಂಘದ ಅಧ್ಯಕ್ಷೆಯನ್ನೊಬ್ಬರನ್ನೇ ಕೇಳಿ ಬರಬೇಡಿ. ಮೀಟಿಂಗಿಗೆ ಬರದವರ, ಸಂಘ ಬಿಟ್ಟವರ ಮನೆಗೆ ಹೋಗಿ. ಯಾಕೆ ಬಿಟ್ಟಿರಿ ಅಂತ ಕೇಳಿದ ಒಂದು ಗಂಟೆಯಲ್ಲಿ ನಾನು ಕಲಿತಷ್ಟು ಯಾವ ತರಬೇತಿಯಲ್ಲೂ ಕಲಿತಿಲ್ಲ.

ಕುಮಟಾ ಕಡೆಯ ಆ ಸಂಘದವರೇ ಕೊನೆಗೆ ದಾರಿ ಹೇಳಿದರು. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ನೀರು ಚೆನ್ನಾಗಿ ಇಳಿಯುತ್ತದೆ, ಆಗ ಕರೆಯಬೇಡಿ. ಅಷ್ಟಮಿ, ನವಮಿ ಆಸುಪಾಸು ಅಷ್ಟಾಗಿ ಇಳಿಯುವುದಿಲ್ಲ, ಹದಿನೈದು ದಿನಕ್ಕೊಮ್ಮೆ ಆಗ ಸೇರೋಣ ಅಂದರು. ಈಗ ಹಾಗೇ ಸೇರುತ್ತಾರೆ, ದಂಡ ತೆಗೆದಿದ್ದಾರೆ. ಇಬ್ಬರಿಗೆ ಇನ್ನೂ ಬರಲಾಗುತ್ತಿಲ್ಲ, ಬಳಚು ಮಾರಲು ದೂರದ ಪೇಟೆಗೆ ಹೋಗಿರುತ್ತಾರೆ, ಪಾಸ್‌ಬುಕ್ ಪಕ್ಕದ ಮನೆಯವರ ಕೈಯಲ್ಲಿ ಬರುತ್ತದೆ. ಅವರಿಗೇನು ಮಾಡುವುದು ಅಂತ ಮುಂದಿನ ಅಷ್ಟಮಿಗೆ ಕೂರುತ್ತೇವೆ.