ಜೋಳದ ಎಲೆ ಮೇಲಿನ ಗುಲಗಂಜಿ ಹುಳು: ಮ್ಯಾಕ್ರೋ (ತೀರ ಹತ್ತಿರದ) ಫೋಟೊ ತೆಗೆಯುವ ಬಗೆ

ವಿಜಯಪುರದ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಎದೆಮಟ್ಟ ಬಂದಾಗ, ಡಿಸೆಂಬರ್ ಬೆಳಗಿನ ಏಳು ಗಂಟೆಗೆ ಹೊಲಕ್ಕಿಳಿಯಿರಿ. ಚಳಿಗೆ ಹುಳು ಮರಗಟ್ಟಿರುತ್ತದೆ, ಗಾಳಿಯೂ ಕಡಿಮೆ. ಬಿಸಿಲೇರಿದ ಮೇಲೆ ಎಲೆಯೂ ನಿಲ್ಲದು, ಹುಳುವೂ ನಿಲ್ಲದು.

ಮ್ಯಾಕ್ರೋ ಲೆನ್ಸೇ ಬೇಕೆಂದಿಲ್ಲ. 50 ಮಿಮೀ ಲೆನ್ಸಿಗೆ ಒಟ್ಟು 50 ಮಿಮೀ ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರಿಸುವ ಟೊಳ್ಳು ಕೊಳವೆ) ಸೇರಿಸಿದರೆ 1:1 ಸಿಗುತ್ತದೆ. ಅಂದರೆ ಹುಳುವಿನ ನಿಜ ಗಾತ್ರವೇ ಸೆನ್ಸರ್ ಮೇಲೆ. ಅಗ್ಗದ ಟ್ಯೂಬ್ ಕೊಳ್ಳಬೇಡಿ: ವಿದ್ಯುತ್ ಸಂಪರ್ಕವಿಲ್ಲದ್ದರಲ್ಲಿ ಎಷ್ಟೋ ಲೆನ್ಸುಗಳ ಅಪರ್ಚರ್ (ಬೆಳಕು ಒಳಬಿಡುವ ಕಂಡಿ) ಬದಲಿಸಲು ಆಗುವುದಿಲ್ಲ.

ಮ್ಯಾನುವಲ್ ಮೋಡ್, ಅಪರ್ಚರ್ ಎಫ್/11, ಷಟರ್ 1/200 ಸೆಕೆಂಡ್, ಐಎಸ್ಒ 200, ಜೊತೆಗೆ ಫ್ಲ್ಯಾಶ್. ಫುಲ್‌ಫ್ರೇಮ್ (35 ಮಿಮೀ ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಇಷ್ಟಾದರೂ ಸ್ಪಷ್ಟವಾಗಿ ಕಾಣುವುದು ಸುಮಾರು ಒಂದು ಮಿಲಿಮೀಟರ್ ಆಳ ಮಾತ್ರ. ಎಫ್/22ಕ್ಕೆ ಹೋದರೆ ಆಳ ಹೆಚ್ಚುತ್ತದೆ, ಆದರೆ ಕಿರಿದಾದ ಕಂಡಿಯಲ್ಲಿ ಬೆಳಕು ಬಾಗಿ ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರ ಮಬ್ಬಾಗುತ್ತದೆ. ಆಟೋಫೋಕಸ್ ಬಂದ್ ಮಾಡಿ. ಲೆನ್ಸಿನ ಫೋಕಸ್ ಉಂಗುರ ತಿರುವಬೇಡಿ, ಮೈಯನ್ನೇ ಕೂದಲೆಳೆಯಷ್ಟು ಹಿಂದೆ-ಮುಂದೆ ಆಡಿಸಿ. ಕಣ್ಣು ಸ್ಪಷ್ಟವಾದ ಕ್ಷಣಕ್ಕೆ ಕ್ಲಿಕ್. ಹತ್ತರಲ್ಲಿ ಒಂದು ಸರಿ ಬಂದರೆ ಸಾಕು.

ಹೊಸಬರು ಎಡವುವುದು ಬೆಳಕಿನಲ್ಲೇ. ಗುಲಗಂಜಿ ಹುಳುವಿನ ಬೆನ್ನು ಕನ್ನಡಿ ಇದ್ದಂತೆ. ಬರಿಯ ಫ್ಲ್ಯಾಶ್ ಹೊಡೆದರೆ ಕೆಂಪಿನ ಮೇಲೆ ಬಿಳಿ ಕಲೆ ಸುಟ್ಟಂತೆ ಕೂರುತ್ತದೆ. ಎ4 ಬಿಳಿ ಹಾಳೆಯನ್ನು ಕಮಾನಾಗಿ ಬಾಗಿಸಿ ಫ್ಲ್ಯಾಶಿಗೂ ಹುಳುವಿಗೂ ನಡುವೆ, ಹುಳುವಿಗೆ ಆದಷ್ಟು ಹತ್ತಿರ ಹಿಡಿಯಿರಿ.

ಹುಳು ಸಿಗದಿದ್ದರೆ ಎಲೆ ಮಗುಚಿ ನೋಡಿ. ಗಿಡದ ರಸ ಹೀರುವ ಹೇನು ಮುತ್ತಿದ ಕಡೆ ಅದು ಊಟಕ್ಕೆ ಕೂತಿರುತ್ತದೆ. ಎಲೆ ಅಲುಗಿದರೆ ಎಡಗೈಯಲ್ಲಿ ದಂಟು ಹಿಡಿದು ಅದೇ ಮುಷ್ಟಿಯ ಮೇಲೆ ಲೆನ್ಸ್ ಊರಿ. ನೆರಳು ಮಾತ್ರ ಹುಳುವಿನ ಮೇಲೆ ಬೀಳದಿರಲಿ, ಕೈಬಿಟ್ಟು ಕೆಳಗುರುಳುತ್ತದೆ.