ಜೋಮು ಹಿಡಿದ ಮಚ್ಚೆಯನ್ನು ಪರೀಕ್ಷಿಸುವ ಹಳೆಯ ಕ್ರಮ

ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಲೈನ್‌ಮನೆಗಳಿಗೆ ಹೋಗಿ ಬರುವ ಆರೋಗ್ಯ ಕಾರ್ಯಕರ್ತರು 20ನೇ ಶತಮಾನದ ಆರಂಭದ ವೈದ್ಯರು ಕುಷ್ಠರೋಗವನ್ನು ಗುರುತಿಸುತ್ತಿದ್ದ ಕ್ರಮವನ್ನು ಇಂದಿಗೂ ಕಲಿಯಬೇಕು. ಅವರು ಕೊಡುತ್ತಿದ್ದ ಔಷಧವನ್ನು ಮಾತ್ರ ಅನುಸರಿಸಬಾರದು.

ಮೊದಲು ರೋಗಿಯನ್ನು ಹಗಲ ಬೆಳಕಿನಲ್ಲಿ ಕೂರಿಸಿ ಮಚ್ಚೆಗಳನ್ನು ನೋಡಬೇಕು. ತೀರ ಬೆಳ್ಳಗಿದ್ದು ಸ್ಪರ್ಶ ಚೆನ್ನಾಗಿ ತಿಳಿಯುವುದು ತೊನ್ನು. ಕೆರೆದರೆ ನವಿರಾದ ಹೊಟ್ಟು ಏಳುವುದು ಸಿಬ್ಬು. ಅಂಚು ಉಬ್ಬಿ ತುರಿಸುವುದು ಗಜಕರ್ಣ. ಮಂಕಾಗಿ, ಬೆವರದೆ, ಕೂದಲು ಉದುರಿ ಒಣಗಿದ ಮಚ್ಚೆಯಿದ್ದರೆ, ಕುಷ್ಠದ ಮಚ್ಚೆ ಜೋಮು ಹಿಡಿದಿರುವುದರಿಂದ, ಸ್ಪರ್ಶ ಪರೀಕ್ಷೆ ಮಾಡಲೇಬೇಕು.

ಹತ್ತಿಯ ಎಳೆಯನ್ನು ಮೊನೆಯಾಗಿ ಹೊಸೆದು, ರೋಗಿ ನೋಡುತ್ತಿರುವಾಗಲೇ ಒಮ್ಮೆ ಮುಟ್ಟಿ ತೋರಿಸಿ, ಬಳಿಕ ಕಣ್ಣು ಮುಚ್ಚಿಸಿ, ಮುಟ್ಟಿದ ಜಾಗವನ್ನು ಬೆರಳಿನಿಂದ ತೋರಿಸಲು ಹೇಳಬೇಕು. "ಗೊತ್ತಾಯಿತೇ?" ಎಂದು ಕೇಳಬಾರದು, ದೊಡ್ಡವರ ಮಾತಿಗೆ ಇಲ್ಲವೆನ್ನಲು ಹಿಂಜರಿದು ಹಲವರು ಹೌದೆಂದುಬಿಡುತ್ತಾರೆ. ಆರೋಗ್ಯವಾದ ಚರ್ಮವನ್ನೂ ಮಚ್ಚೆಯನ್ನೂ ಒಂದೇ ಲಯವಿಲ್ಲದೆ ಅದಲುಬದಲಾಗಿ ಮುಟ್ಟಬೇಕು. ಬಿಸಿನೀರು, ತಣ್ಣೀರು ತುಂಬಿದ ಎರಡು ಗಾಜಿನ ನಳಿಕೆಗಳನ್ನು ತಾಗಿಸಿಯೂ ನೋಡುತ್ತಿದ್ದರು. ನೀರು ಸುಡುವಷ್ಟು ಬಿಸಿಯಿರಬಾರದು. ಮುಖದ ಮಚ್ಚೆಯಲ್ಲಿ ನರಗಳ ಜಾಲ ದಟ್ಟವಾಗಿರುವುದರಿಂದ ಸ್ಪರ್ಶಜ್ಞಾನ ಉಳಿದಿರಬಹುದು, ಆದ್ದರಿಂದ ಅಲ್ಲಿ ಆತುರದ ತೀರ್ಮಾನ ಸಲ್ಲದು.

ಆಮೇಲೆ ಮೊಣಕೈ ಮಡಿಸಿ, ಒಳಬದಿಯ ಮೂಳೆಯ ಹಿಂದಿನ ನರವನ್ನು ಬೆರಳಿನಡಿ ಹೊರಳಿಸಿ, ಎರಡೂ ಕೈಗಳನ್ನು ಹೋಲಿಸಿ, ದಪ್ಪವಾಗಿದೆಯೇ, ನೋಯುತ್ತದೆಯೇ ಎಂದು ಪರಿಶೀಲಿಸಬೇಕು. ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲಿ ಕಂಡುಹಿಡಿದ ಕುಷ್ಠದ ರೋಗಾಣುವನ್ನು ಹುಡುಕಲು ವೈದ್ಯರು ಕಿವಿಯ ಹಾಲೆಯನ್ನು ರಕ್ತ ಬಾರದಂತೆ ಒತ್ತಿ ಹಿಡಿದು, ಸಣ್ಣದಾಗಿ ಸೀಳಿ, ಕೆರೆದ ರಸವನ್ನು ಗಾಜಿನ ಮೇಲೆ ಹಚ್ಚಿ ಬಣ್ಣ ಹಾಕುತ್ತಿದ್ದರು. ಮಚ್ಚೆ ಒಂದೆರಡೇ ಇದ್ದಾಗ ರೋಗಾಣು ಸಾಮಾನ್ಯವಾಗಿ ಸಿಗುವುದಿಲ್ಲವಾದ್ದರಿಂದ ಹತ್ತಿಯ ಎಳೆಯ ಪರೀಕ್ಷೆಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಆಗಿನ ಮುಖ್ಯ ಔಷಧ ಚಾಲ್ಮುಗ್ರ ಎಣ್ಣೆ. ನಮ್ಮ ಘಟ್ಟದ ಗರುಡಫಲದ ಬೀಜದ ಎಣ್ಣೆಯೂ ಅದೇ ಬಗೆಯದು. ಕುಡಿದರೆ ವಾಂತಿ, ಚುಚ್ಚಿದರೆ ತಡೆಯಲಾಗದ ನೋವು. 1916ರ ಹೊತ್ತಿಗೆ ಹವಾಯಿಯಲ್ಲಿ ಆಲಿಸ್ ಬಾಲ್ ಎಂಬ ಯುವ ರಸಾಯನಶಾಸ್ತ್ರಜ್ಞೆ ಅದನ್ನು ಚುಚ್ಚುಮದ್ದಿಗೆ ಒಗ್ಗುವ ರೂಪಕ್ಕೆ ತಂದರು. ಆದರೂ ಅದರಿಂದ ಖಚಿತವಾದ ಗುಣ ಸಿಗಲಿಲ್ಲ. ಕುಷ್ಠದ ರೋಗಾಣುವನ್ನು ನಿಜವಾಗಿ ತಡೆಯುವ ಸಲ್ಫೋನ್ ಎಂಬ ಔಷಧಗಳು 1940ರ ದಶಕದಲ್ಲಿ ಬಂದವು.

ಇಂದು ಮನೆಯಲ್ಲಿ ಎಣ್ಣೆ ಹಚ್ಚುತ್ತ ಕಾಲ ಕಳೆಯದೆ, ಸಂಶಯವಿರುವವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಬಹು ಔಷಧ ಚಿಕಿತ್ಸೆ ಅಲ್ಲಿ ಉಚಿತವಾಗಿ ದೊರೆಯುತ್ತದೆ, ಸಾಮಾನ್ಯವಾಗಿ 6 ಅಥವಾ 12 ತಿಂಗಳಲ್ಲಿ ಮುಗಿಯುತ್ತದೆ. ಪಾದ ಜೋಮು ಹಿಡಿದವರು ತೋಟದ ಕೆಲಸ ಮುಗಿಸಿ ಬಂದ ಮೇಲೆ ಪ್ರತಿದಿನವೂ ಪಾದವನ್ನು ತೊಳೆದು, ಬೆರಳ ಸಂದುಗಳಲ್ಲಿ ಗಾಯ, ಮುಳ್ಳು ಇವೆಯೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು.